ಸಿಮೋಸನ ಸೊಂಟವೂ ಪಂಫಾಯೋಸನ ಏಣಿಯೂ

ನಮ್ಮ ನಿಸಿರೋಸ್ ದ್ವೀಪವೇ ಒಬ್ಬ ದೈತ್ಯನ ಬೆನ್ನಿನ ಮೇಲೆ ಕೂತಿದೆ. ಸಮುದ್ರದೇವ ಪೊಸೀಡಾನ್ ಸಿಟ್ಟು ಬಂದು ಎದುರಿನ ಕೋಸ್ ದ್ವೀಪದಿಂದ ಒಂದು ತುಂಡು ಮುರಿದ, ಓಡಿಹೋಗುತ್ತಿದ್ದ ದೈತ್ಯನ ಮೇಲೆ ಎತ್ತಿಹಾಕಿದ. ಆ ತುಂಡೇ ನಾವು. ದೈತ್ಯ ಇವತ್ತಿಗೂ ಅಡಿಯಲ್ಲಿ ನರಳುತ್ತಾನೆ, ನೆಲದ ಬಿರುಕಿನಿಂದ ಹೊಗೆ ಬಿಡುತ್ತಾನೆ. ಆಗೀಗ ಮಗ್ಗುಲು ಬದಲಿಸುತ್ತಾನೆ. ಆಗ ನಮ್ಮ ಮನೆಗಳ ಮಡಕೆಗಳು ಉರುಳುತ್ತವೆ. ಹೀಗಾಗಿ ಬೆನ್ನುನೋವಿನ ವಿಷಯದಲ್ಲಿ ನಮ್ಮನ್ನು ಮೀರಿಸುವವರು ಇಡೀ ಗ್ರೀಕರ ನಾಡಿನಲ್ಲಿ ಇಲ್ಲ. ಕೋಸಿನವರು ತಮ್ಮ ವೈದ್ಯರ ಬಗ್ಗೆ ಜಂಬ ಕೊಚ್ಚಿಕೊಳ್ಳಲಿ. ರೋಗಿಗಳ ಬಗ್ಗೆ ಜಂಬ ಕೊಚ್ಚಿಕೊಳ್ಳುವ ಹಕ್ಕು ನಮ್ಮದು.

ಇಂಥ ಊರಿನಲ್ಲಿ ಎಲ್ಲರಿಗಿಂತ ದಣಿದವನು ಎಂಬ ಹೆಸರು ಬೀಸುಕಲ್ಲು ಕಡಿಯುವ ಸಿಮೋಸನದು. ಅವನ ದಣಿವಿನ ಮುಂದೆ ಆ ದೈತ್ಯನದು ಬರೀ ಆಕಳಿಕೆ. ಕಡಲುಗಳ್ಳರ ಹೆದರಿಕೆಯಿಂದ ಊರಿನ ಸಭೆ ಕೈಯೆತ್ತಿ, ಸುತ್ತ ಕರಿಕಲ್ಲಿನ ಕೋಟೆಗೋಡೆ ಕಟ್ಟುವುದೆಂದು ತೀರ್ಮಾನ ಮಾಡಿತ್ತು. ಮನೆಗೊಬ್ಬ ಗಂಡಸು ಸರದಿಯ ಮೇಲೆ ಕಲ್ಲು ಹೊರಬೇಕು. ಕಲ್ಲೆಂದರೆ ಎಂಥವು! ಅವುಗಳಲ್ಲಿ ತೀರಾ ಚಿಕ್ಕದನ್ನು ದೋಣಿಗೆ ಹಾಕಿದರೆ ದೋಣಿಗಿಂತ ಮೊದಲು ಸಮುದ್ರ ಮುಳುಗಬೇಕು. ಸಿಮೋಸನಿಗೋ "ಆಗೋದಿಲ್ಲ" ಎನ್ನುವ ಮಾತಿಗೆ ನಾಲಿಗೆಯೇ ಹೊರಳದು. "ಸಿಮೋಸ್, ಮಗಳ ಮದುವೆ ಕಣೋ, ಇವತ್ತೊಂದಿನ ನನ್ನ ಸರದಿ ನೋಡ್ಕೊ" ಎಂದರೆ ನೋಡಿಕೊಂಡ. "ಸಿಮೋಸ್, ಮೇಕೆ ಈಯ್ತಾ ಇದೆ, ಪಕ್ಕದಲ್ಲಿ ನಾನಿಲ್ದಿದ್ರೆ ಅದಕ್ಕೆ ಬೇಜಾರು" ಎಂದರೂ ನೋಡಿಕೊಂಡ. ಬರಬರುತ್ತಾ ಸರದಿ ಯಾರದೇ ಆಗಲಿ, ಕಲ್ಲು ಸಿಮೋಸನ ಹೆಗಲಿನದು ಎಂದಾಯಿತು.

ಬೇಸಿಗೆಯ ಒಂದು ಬೆಳಿಗ್ಗೆ ಅವನು ಮಂಚದಿಂದ ಏಳಲಿಲ್ಲ. ಎಲ್ಲೂ ನೋವಿರಲಿಲ್ಲ. ಕಣ್ಣು ಬಿಟ್ಟ, ಸೂರು ಕಂಡಿತು, ಅಷ್ಟು ಹೊತ್ತು ಕೆಲಸ ಮಾಡದೆ ಸುಮ್ಮನಿರುವ ಸೂರನ್ನು ನೋಡಿ ಅವನಿಗೆ ಹೊಟ್ಟೆಕಿಚ್ಚಾಯಿತು.

ಹೆಂಡತಿ ಮಿರ್ತಾಲೆ ಬಾರ್ಲಿ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಳು.

"ರೀ, ಬಿಸಿಲು ಅಂಗಳಕ್ಕೆ ಬಂತು. ಏಳೋದಿಲ್ವಾ?"

"ಇಲ್ಲ."

"ಯಾಕೆ, ಜ್ವರಾನಾ?"

"ಸುಸ್ತು."

"ಸುಸ್ತು ಅಂದ್ರೆ ಅದೇನು ರೋಗವಾ? ಗೋಡೆ ಮೇಸ್ತ್ರಿ ಬಂದು ಕೇಳಿದ್ರೆ ಏನಂತ ಹೇಳಲಿ? ನಮ್ಮ ಯಜಮಾನರಿಗೆ ಸುಸ್ತು ಅಂತ ಹೇಳಿದ್ರೆ ಊರೆಲ್ಲ ನಗುತ್ತೆ. ರೋಗಕ್ಕೆ ಒಂದು ಜಾಗ ಅಂತ ಬೇಡ್ವಾ?"

ಸಿಮೋಸ್ ಯೋಚಿಸಿದ. ತಲೆ ಎಂದರೆ ಕುಡಿದಿದ್ದಾನೆ ಅನ್ನುತ್ತಾರೆ. ಹೊಟ್ಟೆ ಎಂದರೆ ಊಟ ನಿಲ್ಲಿಸುತ್ತಾರೆ. "ಸೊಂಟ" ಎಂದ.

ಒಂದೇ ಮಾತು. ಆ ಮಾತು ಹೊಸಿಲು ದಾಟಿ, ಬಾವಿಕಟ್ಟೆ ದಾಟಿ, ಅವನು ಮಗ್ಗುಲು ಬದಲಿಸುವಷ್ಟರಲ್ಲಿ ಊರನ್ನು ಸುತ್ತಿ ಹಿಂದಿನ ಬಾಗಿಲಿನಿಂದ ವಾಪಸ್ಸು ಬಂತು. ಜೊತೆಗೆ ಇಡೀ ಊರನ್ನು ಕರೆದುಕೊಂಡು ಬಂತು.

ಮೊದಲು ಬಂದವನು ಪಕ್ಕದ ಮನೆಯಲ್ಲೇ ಇದ್ದ ಬಾವಮೈದ ಖೈರಿಲೋಸ್. ಮಿರ್ತಾಲೆಯ ತಮ್ಮ. ಬಂದವನೇ ಸಿಮೋಸನ ಕಾಲಿನ ಮೇಲೆ ಕೂತ.

"ಬಾವ, ನೋವು ಮೇಲಿಂದ ಕೆಳಕ್ಕೆ ಹೋಗುತ್ತೋ, ಕೆಳಗಿಂದ ಮೇಲಕ್ಕೆ ಬರುತ್ತೋ?"

"ಇದ್ದಲ್ಲೇ ಇದೆ ಕಣೋ. ಸ್ವಲ್ಪ ಮಲಗ್ತೀನಿ."

"ಇದ್ದಲ್ಲೇ ಇದೆಯಾ! ಅಕ್ಕಾ, ಕೇಳಿಸ್ತಾ? ಇದ್ದಲ್ಲೇ ಇದೆಯಂತೆ! ನಮ್ಮ ದೊಡ್ಡಪ್ಪನಿಗೂ ಹೀಗೇ ಇದ್ದಲ್ಲೇ ಇತ್ತು. ಆಮೇಲೆ ದೊಡ್ಡಪ್ಪನೇ ಇರಲಿಲ್ಲ."

ಅಲ್ಲಿಗೆ ಸಿಮೋಸನ ನಿದ್ದೆ ಮುಗಿಯಿತು. ಒಬ್ಬಳು ಬೇಯಿಸಿದ ಅಂಜೂರ ತಂದು ಬೆನ್ನಿಗೆ ಕಟ್ಟಿದಳು, ಇನ್ನೊಬ್ಬಳು ಅದನ್ನು ಬಿಚ್ಚಿ ಉಪ್ಪುಮೀನು ಕಟ್ಟಿದಳು. ಊರಿನ ಗಂಡಸರೆಲ್ಲ ಮಂಚದ ಅಂಚಿಗೆ ಒರಗಿ ತಮ್ಮ ತಮ್ಮ ಸೊಂಟದ ಚರಿತ್ರೆ ಹೇಳಿದರು. ಸಂಜೆಯ ಹೊತ್ತಿಗೆ ಸಿಮೋಸ್ ಗೋಡೆಯ ಕೆಲಸಕ್ಕೆ ಹೋಗಿದ್ದರೂ ಆಗದಷ್ಟು ದಣಿದಿದ್ದ.

ಕೊನೆಗೆ ಬಂದವನು ಗೋಡೆ ಮೇಸ್ತ್ರಿ ನಿಕಾಗೊರಾಸ್. ಎಂಥ ಕಲ್ಲನ್ನೂ ಒಂದು ನೋಟದಲ್ಲಿ ಟೊಳ್ಳೋ ಗಟ್ಟಿಯೋ ಎಂದು ಹೇಳಬಲ್ಲವನು. ಸಿಮೋಸನನ್ನೂ ಹಾಗೆಯೇ ನೋಡಿದ.

"ನೋಡಪ್ಪಾ ಸಿಮೋಸ್. ನಿಜವಾಗ್ಲೂ ಸೊಂಟ ಹೋಗಿದ್ರೆ ರಜೆ. ವೈದ್ಯರು ನೋಡಿ ಹೌದು ಅನ್ನಬೇಕು. ಸುಳ್ಳು ಸೊಂಟ ಆದ್ರೆ ಗೋಡೆ ಮುಗಿಯೋ ತನಕ ದಿನಾ ನೀನೇ ಹೊರಬೇಕು. ಸಭೆ ಮಾಡಿದ ನಿಯಮ. ನೀನೂ ಕೈಯೆತ್ತಿದ್ದೆ."

ಆ ಗೋಡೆ ಮುಗಿಯುವ ಹೊತ್ತಿಗೆ ಕಡಲುಗಳ್ಳರು ಮುದುಕರಾಗಿ, ಮೊಮ್ಮಕ್ಕಳನ್ನು ಆಡಿಸುತ್ತಾ, ಕಳ್ಳತನವನ್ನೇ ಮರೆತಿರುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಈಗಲೂ ದಿನಾ ಹೊರುವವನು ತಾನೇ ಅಲ್ಲವೇ ಎಂದು ಸಿಮೋಸನಿಗೆ ಅನ್ನಿಸಿತು. ಆದರೆ ಈಗ ಹೊರುವುದು ಉಪಕಾರ, ಆಮೇಲೆ ಹೊರುವುದು ಶಿಕ್ಷೆ. ಉಪಕಾರವಾದರೆ ಕೊನೆಯಲ್ಲಿ ಒಂದು ಲೋಟ ನೀರಾದರೂ ಕೊಡುತ್ತಾರೆ.

"ನಿಜವಾದ ಸೊಂಟಾನೇ" ಎಂದ, ಕ್ಷೀಣವಾಗಿ.

ಮರುದಿನ ಕೋಸಿನ ದೋಣಿಯಿಂದ ವೈದ್ಯ ಪಂಫಾಯೋಸ್ ಇಳಿದ. ನೇರಳೆ ಮೇಲುವಸ್ತ್ರ, ಬೆಳ್ಳಿ ಕಟ್ಟಿನ ಕೋಲು, ಎಣ್ಣೆ ಹಚ್ಚಿ ಸುರುಳಿ ಮಾಡಿದ ಗಡ್ಡ. ಹಿಂದೆ ಇಬ್ಬರು ಹೊತ್ತುಕೊಂಡು ಬಂದ ಒಂದು ಏಣಿ. ಆ ಏಣಿಯ ಉದ್ದ ಹೇಳಿದರೆ ನಂಬಲಾರಿರಿ. ಅದರ ಒಂದು ತುದಿ ನಮ್ಮ ಊರಿನಲ್ಲಿ ಇಳಿದ ಮೇಲೂ ಇನ್ನೊಂದು ತುದಿ ಕೋಸಿನ ಬಂದರಿನಲ್ಲೇ ಇತ್ತು ಎನ್ನುವವರಿದ್ದಾರೆ. ನಮ್ಮ ಊರು ಸಾರ್ವಜನಿಕ ವೈದ್ಯನೊಬ್ಬನನ್ನು ಆರಿಸುತ್ತದೆ, ಸಭೆ ಹತ್ತಿರದಲ್ಲೇ ಇದೆ ಎಂದು ಅವನಿಗೆ ಸುದ್ದಿ ಹೋಗಿತ್ತು. ಅವನಿಗೆ ಬೇಕಾಗಿದ್ದು ಒಂದು ಸೊಂಟ.

ಸಿಮೋಸನನ್ನು ಬೋರಲು ಹಾಕಿ, ಬೆನ್ನಿನ ಮೇಲೆ ಬೆರಳು ಓಡಿಸಿ, ಕಣ್ಣು ಮುಚ್ಚಿ ಹೇಳಿದ:

"ಬೆನ್ನುಮೂಳೆ ಕುಸಿದಿದೆ. ತಪ್ಪು ಇವನದಲ್ಲ. ಮನುಷ್ಯ ಹುಟ್ಟಿದಾಗಿಂದ ಒಂದೇ ಕಡೆಗೆ ನಿಲ್ತಾನೆ. ತಲೆ ಭಾರ ಎಲ್ಲ ಸೊಂಟಕ್ಕೆ ಇಳಿಯುತ್ತೆ. ಹಿಟ್ಟಿನ ಚೀಲ ಒಂದೇ ಕಡೆ ನಿಲ್ಲಿಸಿದ್ರೆ ಏನು ಮಾಡ್ತೀರಿ ತಾಯಿ?"

"ತಿರುಗಿಸಿ ಇಡ್ತೀವಿ" ಎಂದಳು ಮಿರ್ತಾಲೆ.

"ಅದೇ ವೈದ್ಯಶಾಸ್ತ್ರ!"

ಆಮೇಲೆ ಏಣಿ ಚಿಕಿತ್ಸೆಯ ಚರಿತ್ರೆ ಶುರುವಾಯಿತು. ಬಹಳ ಹಿಂದೆ ಥೆಸ್ಸಾಲಿಯಲ್ಲಿ ಒಬ್ಬ ಗೂನು ಕುರುಬ ಬೆಟ್ಟದಿಂದ ಬಿದ್ದು, ಬಳ್ಳಿಗೆ ಕಾಲು ಸಿಕ್ಕಿ, ತಲೆಕೆಳಗಾಗಿ ನೇತಾಡಿದನಂತೆ. ಹುಡುಕಿಕೊಂಡು ಬಂದವರು ಬಿಡಿಸಿದಾಗ ಈಟಿಯ ಹಾಗೆ ನೆಟ್ಟಗಿದ್ದನಂತೆ. ಪಂಫಾಯೋಸನ ಮುತ್ತಜ್ಜ ಬಳ್ಳಿಯ ಬದಲು ಹಗ್ಗ ತಂದ. ಅಜ್ಜ ಬೆಟ್ಟದ ಬದಲು ಏಣಿ ತಂದ. ಅಪ್ಪ ಏಣಿಗೆ ತೊಗಲಿನ ಮೆತ್ತೆ ಹಾಸಿದ. ಈಗ ರೋಗಿಯನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ, ಬುರುಜಿನ ಎತ್ತರಕ್ಕೆ ಎಳೆದು, ಸ್ವಲ್ಪ ಹೊತ್ತು ನೇತುಹಾಕಿ, ಆಮೇಲೆ ಧಡ್ ಎಂದು ಒಂದೇ ಸಲಕ್ಕೆ ಕೆಳಗೆ ಬಿಡುವುದು. ಮೂಳೆಗಳು ಬೆಚ್ಚಿಬಿದ್ದು ತಮ್ಮ ತಮ್ಮ ಜಾಗಕ್ಕೆ ಓಡುತ್ತವೆ.

"ಕೋಸಿನ ದೊಡ್ಡ ವೈದ್ಯರು ಇದನ್ನ ಒಪ್ತಾರಾ?" ಎಂದ ನಿಕಾಗೊರಾಸ್.

"ಕಂಡುಹಿಡಿದವನು ಬುದ್ಧಿವಂತ ಅಂತ ಒಪ್ತಾರೆ" ಎಂದ ಪಂಫಾಯೋಸ್. "ಆದ್ರೆ ಮಾಡೋರು ಬರೀ ಜನ ಬಾಯಿಬಿಟ್ಟು ನೋಡಲಿ ಅಂತ ಮಾಡ್ತಾರೆ ಅಂತಾರೆ. ಹೊಟ್ಟೆಕಿಚ್ಚು."

ಸಿಮೋಸ್ ದಿಂಬಿನೊಳಗಿಂದ ತಲೆಯೆತ್ತಿದ. ಅವನ ಮುಖದಲ್ಲಿ ಒಂದು ಆಸೆ ಮಿಂಚಿತು. "ಅಸ್ಕ್ಲೆಪಿಯೋಸ್ ದೇವರ ಗುಡಿಗೆ ಕಳಿಸಿಬಿಡಿ ನನ್ನನ್ನ. ಅಲ್ಲಿ ರೋಗಿನ ಮಲಗಿಸ್ತಾರಂತೆ. ಮಲಗಿದ್ರೆ ದೇವರು ಕನಸಲ್ಲಿ ಬಂದು ವಾಸಿ ಮಾಡ್ತಾನಂತೆ. ಬರೀ ಮಲಗಿದ್ರೆ ಸಾಕಂತೆ!"

"ಗುಡಿಗೆ ಬರಿಗೈಯಲ್ಲಿ ಹೋಗಕ್ಕಾಗುತ್ತಾ ಬಾವ?" ಎಂದ ಖೈರಿಲೋಸ್. "ಹುಂಜ ಕೊಡಬೇಕು, ಜೇನಿನ ರೊಟ್ಟಿ ಕೊಡಬೇಕು. ಇವರು ಪುಕ್ಕಟೆ ಮಾಡ್ತಾರೆ. ಅದೂ ಇಡೀ ಊರಿನ ಮುಂದೆ! ನಮ್ಮ ವಂಶದಲ್ಲಿ ಯಾರನ್ನ ಅಷ್ಟು ಮೇಲಕ್ಕೆ ಎತ್ತಿದಾರೆ, ನೀವೇ ಹೇಳಿ."

ಸಿಮೋಸ್ "ಆಗೋದಿಲ್ಲ" ಎನ್ನಲು ಬಾಯಿ ತೆರೆದ. ನಾಲಿಗೆ ಎಂದಿನಂತೆ ಕೈಕೊಟ್ಟಿತು. ಎದುರಿಗೆ ನಿಕಾಗೊರಾಸ್ ಹುಬ್ಬು ಏರಿಸಿ ನಿಂತಿದ್ದ. ನೋವಿಲ್ಲ ಎಂದರೆ ಗೋಡೆ. ನೋವಿದೆ ಎಂದರೆ ಏಣಿ. ಗೋಡೆ ಎಂದರೆ ಜನ್ಮಪೂರ್ತಿ, ಏಣಿ ಎಂದರೆ ಒಂದು ಮಧ್ಯಾಹ್ನ. ಅವನು ದಿಂಬಿನೊಳಗೆ ಮುಖ ಹುದುಗಿಸಿ "ಸರಿ" ಎಂದ.

ಸಭೆಯ ದಿನ ಕೋಟೆಗೋಡೆಯ ಬುರುಜಿನ ಕೆಳಗಿನ ಬಯಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಸತ್ತವರನ್ನು ಬಿಟ್ಟರೆ ಊರಿನ ಗಂಡಸರೆಲ್ಲ ಬಂದಿದ್ದರು, ಸತ್ತವರಲ್ಲೂ ಒಂದಿಬ್ಬರು ಹಿಂದಿನ ಸಾಲಿನಲ್ಲಿ ಕಂಡರೆಂದು ಮಾತಿದೆ. ಹೆಂಗಸರು ಮಾಳಿಗೆಗಳ ಮೇಲೆ ಹತ್ತಿದ್ದರು. ಕಲ್ಲು ಎತ್ತುವ ರಾಟೆಯ ಹಗ್ಗಕ್ಕೆ ಏಣಿಯನ್ನು ಕಟ್ಟಿದರು. ಏಣಿಗೆ ಸಿಮೋಸನನ್ನು ಕಟ್ಟಿದರು. ಹಿಮ್ಮಡಿ, ಮಂಡಿ, ತೊಡೆ, ಎದೆ ಎಲ್ಲವನ್ನೂ ಪಟ್ಟಿಯಿಂದ ಬಿಗಿದು, ಕೈಗೆ ಬರುವಷ್ಟರಲ್ಲಿ ಪಟ್ಟಿ ಮುಗಿಯಿತು. "ಕೈ ಸಡಿಲ ಇರಲಿ, ರಕ್ತ ಆಡುತ್ತೆ" ಎಂದು ಪಂಫಾಯೋಸ್ ಅದಕ್ಕೂ ಶಾಸ್ತ್ರ ಹೇಳಿದ. ರಾಟೆ ಕೆಲಸದ ಗಟ್ಟಿಗರು ಹಗ್ಗ ಹಿಡಿದು ಎಳೆದರು. ಸಿಮೋಸ್ ಕಾಲು ಮುಂದಾಗಿ ಆಕಾಶಕ್ಕೆ ಹೊರಟ.

"ರೀ, ಹುಷಾರು!" ಎಂದು ಮಾಳಿಗೆಯಿಂದ ಮಿರ್ತಾಲೆ ಕೂಗಿದಳು. ತಲೆಕೆಳಗಾಗಿ ನೇತಾಡುವವನು ಹುಷಾರಾಗಿ ಏನು ಮಾಡಬೇಕೆಂದು ಹೇಳಲಿಲ್ಲ.

ಮೇಲೆ ಹೋದ ಮೇಲೆ ಸಿಮೋಸನಿಗೆ ಒಂದು ಆಶ್ಚರ್ಯ ಕಾದಿತ್ತು. ಸ್ವಲ್ಪ ಹೊತ್ತು ಕಿವಿ ಗುಂಯ್ ಎಂದಿತು. ಆಮೇಲೆ ಸಮುದ್ರದ ಗಾಳಿ ಬೀಸಿತು. ಊರೆಲ್ಲ ಆಕಾಶಕ್ಕೆ ಅಂಟಿಕೊಂಡು ಬಾವಲಿಗಳ ಹಾಗೆ ಜೋತಾಡುತ್ತಿತ್ತು. ಇಲ್ಲಿ ಕಾಲಿನ ಮೇಲೆ ಯಾರೂ ಕೂರುವಂತಿರಲಿಲ್ಲ. ಅಂಜೂರ ಕಟ್ಟುವಂತಿರಲಿಲ್ಲ. ಮುಖ್ಯವಾಗಿ, ಇವನನ್ನು ಯಾರೂ ಏನನ್ನೂ ಎತ್ತು ಎಂದು ಹೇಳುವಂತಿರಲಿಲ್ಲ. ಮೊದಲ ಬಾರಿಗೆ ಊರು ಇವನನ್ನು ಎತ್ತಿ ಹಿಡಿದುಕೊಂಡಿತ್ತು. ಸಿಮೋಸನ ರೆಪ್ಪೆಗಳು ಮುಚ್ಚಿದವು. ತಲೆಕೆಳಗಾಗಿದ್ದರಿಂದ ಮುಚ್ಚಿದವೋ ತೆರೆದವೋ ಅವನಿಗೇ ತಿಳಿಯಲಿಲ್ಲ.

ಕೆಳಗೆ ಸಭೆಯ ಅಧ್ಯಕ್ಷ ದೋರ್ಕೋನಜ್ಜ ಕೋಲು ಬಡಿದ. ನಿಯಮ ಬಿಟ್ಟು ಉಸಿರೂ ಆಡದ ಮನುಷ್ಯ ಅವನು. ಅವನ ಮನೆಯಲ್ಲಿ ಕೋಳಿಗಳು ಕೂಡ ಅಪ್ಪಣೆ ಕೇಳಿ ಮೊಟ್ಟೆ ಇಡುತ್ತಿದ್ದವು.

"ಪಂಫಾಯೋಸನೇ ನಮ್ಮೂರ ವೈದ್ಯ ಆಗಲಿ ಅನ್ನೋರು ಕೈಯೆತ್ತಿ."

ಬಯಲಿನ ಅರ್ಧ ಕೈಯೆತ್ತಿತು.

"ಬೇಡ ಅನ್ನೋರು."

ಉಳಿದರ್ಧ ಕೈಯೆತ್ತಿತು. ಎಣಿಸಿದರು, ಮತ್ತೆ ಎಣಿಸಿದರು, ಎರಡೂ ಕಡೆ ಸಮ. ಇನ್ನೊಂದು ಕೈಗಾಗಿ ದೋರ್ಕೋನಜ್ಜ ಬಯಲೆಲ್ಲ ಹುಡುಕಿ, ಬೇಜಾರಾಗಿ ತಲೆಯೆತ್ತಿದ. ಮೇಲೆ ಸಿಮೋಸನ ಎರಡು ಕೈಗಳು ತಲೆಯಿಂದಾಚೆಗೆ ನೀಟಾಗಿ ಚಾಚಿಕೊಂಡಿದ್ದವು.

"ಅವನು ಕೈಯೆತ್ತಿದ್ದಾನೆ" ಎಂದ ದೋರ್ಕೋನಜ್ಜ.

"ಎಲ್ಲಿ ಎತ್ತಿದಾನೆ? ಇಳಿಬಿಟ್ಟಿದಾನೆ!" ಎಂದು ನಿಕಾಗೊರಾಸ್ ಎದ್ದ. ಗೋಡೆಯ ರಾಟೆಯನ್ನು ಹೀಗೆ ಮನುಷ್ಯನನ್ನು ಒಣಹಾಕಲು ಕೊಟ್ಟಿದ್ದಕ್ಕೆ ಅವನಿಗೆ ಬೆಳಗಿನಿಂದ ಕೋಪ. "ಕೈ ನೆಲದ ಕಡೆ ಇದೆ ಅಜ್ಜ. ನೆಲ ತೋರಿಸೋ ಕೈ ಯಾವ ದೇಶದಲ್ಲಿ ಮೇಲೆ ಎತ್ತಿದ ಕೈ?"

"ನಿಯಮ ನೆಲದ ಮಾತು ಆಡಲ್ಲಪ್ಪ. ತಲೆ ದಾಟಿದ ಕೈ ಅನ್ನುತ್ತೆ. ಅವನ ಕೈ ತಲೆ ದಾಟಿದೆ."

"ದಾಟಿದೆ, ದಾಟಿದೆ!" ಎಂದು ಪಂಫಾಯೋಸ್ ಕುಣಿದ. "ಕಷ್ಟದಲ್ಲಿರೋ ರೋಗಿ, ಆದ್ರೂ ನನ್ನ ಪರ ಎರಡೂ ಕೈ ಎತ್ತಿದಾನೆ!"

"ಬೇಡ ಅನ್ನೋರು ಎತ್ತಿ ಅಂದಾಗಲೂ ಹಾಗೇ ಇದ್ನಲ್ಲ" ಎಂದ ಹಿಂದಿನಿಂದ ಒಬ್ಬ.

ಸಭೆ ಬೆಚ್ಚಿತು. ನಿಸಿರೋಸಿನ ಚರಿತ್ರೆಯಲ್ಲೇ ಒಬ್ಬ ಪ್ರಜೆ ಎರಡೂ ಕಡೆ, ಎರಡೂ ಕೈಯಿಂದ, ಒಂದೇ ಸಲ ಮತ ಕೊಟ್ಟಿದ್ದ. ಕೆಲವರು ದೇಶದ್ರೋಹ ಎಂದರು. ಕೆಲವರು ಉದಾರತೆ ಎಂದರು. ಖೈರಿಲೋಸ್ ಮಾತ್ರ ಎದೆ ಸೆಟೆಸಿ, "ನಮ್ಮ ಬಾವ ಯಾರಿಗೂ ಇಲ್ಲ ಅಂದವರಲ್ಲ" ಎಂದ.

"ಅವನನ್ನೇ ಕೇಳೋಣ. ಸಿಮೋಸ್! ಏ ಸಿಮೋಸ್! ನಿನ್ನ ಮತ ಯಾವ ಕಡೆಗಪ್ಪ?" ಎಂದು ದೋರ್ಕೋನಜ್ಜ ಕೂಗಿದ.

ಮೇಲಿಂದ ಉತ್ತರ ಬಂತು. ಉದ್ದನೆಯ, ತುಂಬು, ನಿರಾತಂಕವಾದ ಗೊರಕೆ. ಅದರ ರಭಸಕ್ಕೆ ಬಂದರಿನ ದೋಣಿಗಳ ಹಾಯಿ ಉಬ್ಬಿದವು.

"ಕೇಳಿದ್ರಾ?" ಎಂದು ಪಂಫಾಯೋಸ್ ಎರಡೂ ಕೈ ಚಾಚಿದ. "ನೋವಿಂದ ಒದ್ದಾಡ್ತಿದ್ದವನು ಮಲಗಿದಾನೆ! ನನ್ನ ಏಣಿ ಗೆದ್ದಿತು!"

"ನೋವೇ ಇಲ್ಲದವನು ಮಲಗಿದಾನೆ!" ಎಂದ ನಿಕಾಗೊರಾಸ್. "ಸುಳ್ಳು ಸೊಂಟ! ನಾನು ಮೊದಲೇ ಹೇಳಿದ್ದೆ!"

ಆ ಗಲಾಟೆಯಲ್ಲಿ ದೋರ್ಕೋನಜ್ಜನ ಕಣ್ಣಿಗೆ ರಾಟೆಯ ಹಗ್ಗ ಹಿಡಿದು ನಿಂತಿದ್ದ ಗಟ್ಟಿಗರು ಬಿದ್ದರು. ಅವನ ಮುಖ ಅರಳಿತು.

"ತಡೀರಿ, ತಡೀರಿ. ಇವರ ಮತ ಬಂದೇ ಇಲ್ಲ. ಇವರೂ ಈ ಊರಿನ ಪ್ರಜೆಗಳೇ. ಏನ್ರಪ್ಪಾ, ಪಂಫಾಯೋಸ್ ಬೇಕು ಅನ್ನೋರು ಕೈಯೆತ್ತಿ."

ಗಟ್ಟಿಗರು ಒಳ್ಳೆಯ ಪ್ರಜೆಗಳು. ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಒಟ್ಟಿಗೆ, ಎರಡೂ ಕೈ, ಮೇಲೆತ್ತಿದರು.

ಹಗ್ಗ ಹಾವಿನ ಹಾಗೆ ಮೇಲಕ್ಕೆ ಹೋಯಿತು. ಏಣಿ ಕೆಳಕ್ಕೆ ಬಂತು. ಮಿರ್ತಾಲೆ ಕಿರುಚಿದ್ದು ಕೋಸಿನಲ್ಲಿ ಕೇಳಿಸಿ ಅಲ್ಲಿನ ವೈದ್ಯರು ಮದ್ದಿನ ಪೆಟ್ಟಿಗೆ ಎತ್ತಿಕೊಂಡರಂತೆ. ಪುಣ್ಯಕ್ಕೆ ಬುರುಜಿನ ಬುಡದಲ್ಲಿ ಗೋಡೆಗೆಂದು ಸುರಿದಿದ್ದ ಮರಳಿನ ಗುಡ್ಡೆ ಇತ್ತು. ಏಣಿಯ ಎರಡು ಕಾಲುಗಳು ಅದರಲ್ಲಿ ಕಸಕ್ಕನೆ ನಾಟಿಕೊಂಡು ನಿಂತವು. ಸಿಮೋಸನ ನೆತ್ತಿ ಮರಳಿಗೆ ಮುತ್ತಿಡುವಷ್ಟು ಹತ್ತಿರ ಬಂದು ನಿಂತಿತು. ಎಲ್ಲೋ ಒಂದು ಕಡೆ 'ಟಕ್' ಎಂದಿತು. ಏಣಿಯದೋ ಬೆನ್ನಿನದೋ ಎಂದು ತಿಳಿಯುವ ಮೊದಲೇ ಜನ ಚಪ್ಪಾಳೆ ತಟ್ಟಿದರು. ಚಿಕಿತ್ಸೆ ಹೀಗೇ ಮುಗಿಯಬೇಕಾಗಿತ್ತು ತಾನೆ!

ಬಿಚ್ಚಿ ನಿಲ್ಲಿಸಿದರು. ಸಿಮೋಸ್ ನಿಂತ, ಆದರೆ ಪೂರ್ತಿ ನಿಲ್ಲಲಿಲ್ಲ. ಸೊಂಟದಲ್ಲಿ ಯಾರೋ ಬಿಸಿ ಕಬ್ಬಿಣ ತಿರುವಿದ ಹಾಗಾಯಿತು. ಇಷ್ಟು ದಿನ ಇಲ್ಲದ ನೋವು ಕೊನೆಗೂ ಬಂದು ತನ್ನ ಜಾಗದಲ್ಲಿ ಕೂತಿತ್ತು.

"ಹೇಗಿದೆ?" ಎಂದ ಪಂಫಾಯೋಸ್. ಗಟ್ಟಿಗರ ಮತದಿಂದ ಅವನು ಆಗಲೇ ನಮ್ಮೂರ ವೈದ್ಯನಾಗಿದ್ದ.

"ಹೇಗಿದೆ?" ಎಂದ ನಿಕಾಗೊರಾಸ್. ಅವನ ಪಕ್ಕದಲ್ಲಿ ಒಂದು ಕಲ್ಲು ಕಾಯುತ್ತಿತ್ತು.

ಸಿಮೋಸ್ ಒಂದು ಗಳಿಗೆ ಏಣಿಯನ್ನು ನೋಡಿದ. ಅಲ್ಲಿ ಬೀಳುವುದು ಕ್ಷಣದ ಕಷ್ಟ. ಅದಕ್ಕೆ ಮೊದಲು ಬಂದ ನಿದ್ದೆ? ಮದುವೆಯಾದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ.

"ಇನ್ನೂ ಸ್ವಲ್ಪ ಇದೆ" ಎಂದ. ಈ ಸಲ ಸುಳ್ಳೂ ಆಗಿರಲಿಲ್ಲ. "ಇನ್ನೊಂದು ಸಲ ನೇತುಹಾಕಿದ್ರೆ... ಇಡೀ ದಿನ ನೇತುಹಾಕಿದ್ರೂ ಪರವಾಗಿಲ್ಲ."

ಆ ಮಾತು ಊರಿನ ಕಿವಿಗೆ ಬಿದ್ದಿದ್ದೇ ತಡ, ಮಾರನೇ ದಿನ ನಿಸಿರೋಸಿನಲ್ಲಿ ಸೊಂಟ ನೆಟ್ಟಗಿರುವ ಗಂಡಸು ಒಬ್ಬನೂ ಉಳಿಯಲಿಲ್ಲ. ಸಿಮೋಸನ ಗೊರಕೆಯನ್ನು ಎಲ್ಲರೂ ಕೇಳಿದ್ದರಲ್ಲ. ಬುರುಜಿನ ಬುಡದಲ್ಲಿ ಸಾಲು ನಿಂತಿತು. ಗೋಡೆಯ ಹತ್ತಿರ ನಿಕಾಗೊರಾಸ್ ಒಬ್ಬನೇ ನಿಂತ. ಪಂಫಾಯೋಸ್ ಇನ್ನಷ್ಟು ಏಣಿ ತರುತ್ತೇನೆಂದು ದೋಣಿ ಹತ್ತಿ ಕೋಸಿಗೆ ಹೋದ. ದೋರ್ಕೋನಜ್ಜ ಮಾತ್ರ ಒಂದು ಹೊಸ ನಿಯಮ ಸಾರಿದ: ಹಗ್ಗ ಹಿಡಿದವನು ಮತಕ್ಕೆ ಕೈ ಎತ್ತುವ ಮುಂಚೆ ಹಗ್ಗವನ್ನು ಪಕ್ಕದವನಿಗೆ ಒಪ್ಪಿಸತಕ್ಕದ್ದು.

ಮೊದಲ ಸರದಿ ತನ್ನದೇ ಎಂದು ಸಿಮೋಸ್ ನಸುಕಿನಲ್ಲೇ, ಕಮಾನಿನ ಹಾಗೆ ಬಾಗಿಕೊಂಡು ಬಂದ. ಏಣಿಯ ಹತ್ತಿರ ಮಿರ್ತಾಲೆ ಆಗಲೇ ನಿಂತಿದ್ದಳು.

"ನೀನ್ಯಾಕೆ ಇಲ್ಲಿ?"

"ಸೊಂಟ."

"ನಿನಗೂನಾ?"

"ನಿಮ್ಮನ್ನ ಮದುವೆ ಆದಾಗಿಂದ ಮನೆಯ ನೀರು, ಹಿಟ್ಟು, ಸೌದೆ ಎಲ್ಲ ಹೊತ್ತಿರೋದು ಯಾರ ಸೊಂಟ ಅಂದ್ಕೊಂಡ್ರಿ? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಗ್ಗ ಹಿಡ್ಕೊಳ್ಳಿ."

ಸಿಮೋಸ್ "ಆಗೋದಿಲ್ಲ" ಎನ್ನಲಿಲ್ಲ. ಎನ್ನಲಾರದೆ ಅಲ್ಲ, ಅವಳ ಮುಖ ನೋಡಿದ, ಅಷ್ಟೇ. ಹೆಂಗಸರೆಲ್ಲ ಬಂದು ಏಣಿಯ ಸುತ್ತ ಹಾಯಿಬಟ್ಟೆ ಹಿಡಿದು ಮರೆ ಮಾಡಿದರು, ಲಂಗವನ್ನು ಕಣಕಾಲಿಗೆ ಬಿಗಿದು ಕಟ್ಟಿದರು. ಗಟ್ಟಿಗರೂ ಸಿಮೋಸನೂ ಸೇರಿ ಎಳೆದರು. ಮಿರ್ತಾಲೆ ಮೇಲೆ ಹೋದಳು. ಬುರುಜಿನ ಮೇಲಿಂದ ಕೆಲವು ಹೆಂಗಸರು ಹಾಯಿಯ ಮೇಲಂಚು ಹಿಡಿದರು. ಸ್ವಲ್ಪ ಹೊತ್ತಿಗೆ ಮರೆಯೊಳಗಿಂದ ಸಣ್ಣ ಗೊರಕೆ ಕೇಳಿಸಿತು.

ಗೋಡೆಗೆ ಒಬ್ಬನೂ ಬರಲಿಲ್ಲ ಎಂದು ನಿಕಾಗೊರಾಸ್ ಹುಯಿಲಿಟ್ಟ ಮೇಲೆ, ಬಿಸಿಲೇರುವ ಹೊತ್ತಿಗೆ ದೋರ್ಕೋನಜ್ಜ ಅಲ್ಲೇ ಸಭೆ ಕರೆದ. ಖೈರಿಲೋಸ್ ಮುಂದೆ ಬಂದು ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸದ ಮಾತು ಆಡಿದ:

"ಸೊಂಟ ಗಿಂಟ ಎಲ್ಲ ಸುಳ್ಳು ಅಜ್ಜ. ಎಲ್ರೂ ಸುಸ್ತಾಗಿದೀವಿ. ಆಗಾಗ ಗೋಡೆ ಕೆಲಸಕ್ಕೆ ಒಂದೊಂದು ದಿನ ರಜೆ ಇರಲಿ. ಆವತ್ತು ಯಾರೂ ಯಾರಿಗೂ ಏನೂ ಎತ್ತಬೇಕು ಅನ್ನಬಾರದು."

ಹಗ್ಗ ಹಿಡಿದಿದ್ದ ಸಿಮೋಸ್ ಬಾಗಿದ ಬೆನ್ನನ್ನು ಮರೆತು ನೆಟ್ಟಗಾಗಲು ನೋಡಿದ. ಅವನು ಮಂಚದ ಮೇಲೆ ಮಲಗಿ ಬಯಸಿದ್ದು ಇಷ್ಟನ್ನೇ.

"ರಜೆ ಬೇಕು ಅನ್ನೋರು ಕೈಯೆತ್ತಿ. ಹಗ್ಗದೋರು ನಿಯಮ ಮರೀಬೇಡಿ" ಎಂದ ದೋರ್ಕೋನಜ್ಜ.

ಮೊದಲ ಗಟ್ಟಿಗ ಹಗ್ಗವನ್ನು ಎರಡನೆಯವನಿಗೆ ಒಪ್ಪಿಸಿ ಕೈಯೆತ್ತಿದ. ಎರಡನೆಯವನು ಪಕ್ಕದವನಿಗೆ ಒಪ್ಪಿಸಿ ಕೈಯೆತ್ತಿದ. ಹೀಗೆ ಒಪ್ಪಿಸುತ್ತಾ ಒಪ್ಪಿಸುತ್ತಾ ಕೊನೆಗೆ ಇಡೀ ಏಣಿಯ ಭಾರ, ಮಿರ್ತಾಲೆಯ ಭಾರ, ಸಾಲಿನ ಕಡೆಯಲ್ಲಿದ್ದ ಸಿಮೋಸನ ಕೈಗೆ ಬಂತು. ಅವನ ಪಕ್ಕದಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಹಗ್ಗ ಕಟ್ಟಲು ಇದ್ದ ಗೂಟ ಹಿಂದಿನ ದಿನದ ಧಡ್ ಎಂಬುದಕ್ಕೆ ಕಿತ್ತುಹೋಗಿತ್ತು. ಕಡಲುಗಳ್ಳರಿಗೆ ಹೆದರುವವರೂ, ರಜೆಗಿಂತ ಏಣಿಯ ನಿದ್ದೆಯೇ ಮೇಲು ಎನ್ನುವವರೂ ಬೇಡ ಎಂದು ಕೈಯೆತ್ತಿದರು.

ಎಣಿಸಿದರು. ಮತ್ತೆ ಸಮ.

"ಬಾವ! ಕೈ! ಕೈಯೆತ್ತಿ ಬಾವ!" ಎಂದು ಖೈರಿಲೋಸ್ ಕೂಗಿದ.

"ನೀನು ಬಂದು ಹಗ್ಗ ಹಿಡ್ಕೊಳ್ಳೋ!"

"ನಾನು ಹಿಡ್ಕೊಂಡ್ರೆ ನನ್ನ ಕೈ ಇಳಿಯುತ್ತಲ್ಲ ಬಾವ! ಲೆಕ್ಕ ಮತ್ತೆ ಅದೇ ಆಗುತ್ತೆ!"

ಹೆಂಗಸರಿಗೆ ಮತವಿಲ್ಲ, ಅವರು ಹಿಡಿಯಬಹುದಾಗಿತ್ತು. ಅವರ ಕೈಯಲ್ಲಿ ಹಾಯಿಬಟ್ಟೆ ಇತ್ತು, ಬಿಟ್ಟರೆ ಮಿರ್ತಾಲೆಯ ಮಾನ ಹೋಗುತ್ತಿತ್ತು. ಬೇಡ ಎಂದವರು ಕೈಕಟ್ಟಿ ನಿಂತಿದ್ದರು. ನಿಕಾಗೊರಾಸ್ ಆಕಾಶ ನೋಡುತ್ತಿದ್ದ. ಸಿಮೋಸ್ ಒಂದು ಕಾಲು ಎತ್ತಿ ತೋರಿಸಿದ.

"ಕಾಲು ನಿಯಮದಲ್ಲಿಲ್ಲ" ಎಂದ ದೋರ್ಕೋನಜ್ಜ, ನಿಜವಾದ ದುಃಖದಿಂದ. "ಒಂದೇ ಒಂದು ಕೈ ಕಣಪ್ಪಾ ಸಿಮೋಸ್. ಒಂದೇ ಗಳಿಗೆ."

ಊರೆಲ್ಲ ಅವನ ಕಡೆ ತಿರುಗಿತು. ಹಗ್ಗ ಅಂಗೈಯನ್ನು ಸುಡುತ್ತಿತ್ತು. ಸೊಂಟದಲ್ಲಿ ಕಬ್ಬಿಣ ತಿರುಗುತ್ತಿತ್ತು. ಮೇಲೆ ಗಾಳಿಗೆ ಹಾಯಿಬಟ್ಟೆ ಅಲುಗಿತು, ಅದರೊಳಗೆ ಗೊರಕೆ ಒಂದು ಸಲ ತಡೆದು, ತುಟಿ ಚಪ್ಪರಿಸಿದ ಸದ್ದಾಗಿ, ಮತ್ತೆ ಶುರುವಾಯಿತು. ಸಿಮೋಸ್ ಹಗ್ಗವನ್ನು ಇನ್ನೊಂದು ಸುತ್ತು ಮುಂಗೈಗೆ ಸುತ್ತಿಕೊಂಡ.

ದೋರ್ಕೋನಜ್ಜ ಕಾದ, ಕೋಲು ಬಡಿದ, ರಜೆಯ ಮಾತು ಬಿದ್ದುಹೋಯಿತು ಎಂದು ಸಾರಿದ. ನಿಕಾಗೊರಾಸ್ ಎಲ್ಲರ ಹೆಸರು ಕೂಗುತ್ತಾ ಗೋಡೆಯ ಕಡೆ ಹೊರಟ. ಗಟ್ಟಿಗರು ಅತ್ತ ಹೋದರು. ಜನ ಬೈದುಕೊಂಡು ಚೆದುರಿದರು. ಬಯಲು ನಿಶ್ಶಬ್ದವಾದದ್ದಕ್ಕೇ ಇರಬೇಕು, ಮಿರ್ತಾಲೆಗೆ ಎಚ್ಚರವಾಯಿತು.

"ರೀ... ಏನಾಯ್ತು? ಏನೋ ಕೂಗಾಟ ಕೇಳಿಸ್ತು."

"ಏನಿಲ್ಲ" ಎಂದ ಸಿಮೋಸ್. "ನೀನು ಮಲ್ಕೋ."